ಹದಿಮೂರು ತಿಂಗಳ ವರ್ಷ

ಮಳೆಗಾಲದಲ್ಲಿ ಏಸಿ ಹಾಕಿದ ಕೋಣೆಯ ಮೂಲೆಯಲ್ಲಿ ನಾಲ್ಕಾರು ಒದ್ದೆ ಛತ್ರಿಗಳನ್ನು ನಿಲ್ಲಿಸಿದರೆ ಒಂದು ವಾಸನೆ ಬರುತ್ತದೆ. ಒಣಗದ ಬಟ್ಟೆಯ ಮುಗ್ಗಲು, ಅದರ ಮೇಲೆ ರೂಮ್ ಫ್ರೆಶ್ನರಿನ ಸುಳ್ಳು ನಿಂಬೆಹಣ್ಣು. ಮೊನ್ನೆ ಮಲ್ಲೇಶ್ವರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಂಗೈ ತಣ್ಣಗಾಯಿತು. ನನಗೆ ಹಲ್ಲುನೋವೇನೂ ಇರಲಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲವನ್ನು ನಾನು ಇಡಿಯಾಗಿ ಆ ವಾಸನೆಯೊಳಗೆ ಕಳೆದಿದ್ದೆ, ಹೆದರಿಕೊಂಡೇ ಕಳೆದಿದ್ದೆ. ಮನಸ್ಸು ಮರೆತರೂ ಮೈ ಮರೆತಿಲ್ಲ.

ಆಗ ನಾನು ಗಾಂಧಿ ಬಜಾರಿನ ಪಕ್ಕದ ರಸ್ತೆಯೊಂದರಲ್ಲಿ, ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ಕೆಲಸಕ್ಕಿದ್ದೆ. ಬಸವನಗುಡಿ, ಎನ್.ಆರ್. ಕಾಲೋನಿಯ ನಿವೃತ್ತರು ಪಿಂಚಣಿ ತೆಗೆಯಲು, ಎಫ್‌ಡಿ ಮುಂದುವರಿಸಲು ಅಲ್ಲಿಗೆ ಬರುತ್ತಿದ್ದರು. ಅವರನ್ನು ಕೂರಿಸಿ, ನೀರು ಕೊಟ್ಟು, ಮಂಡಿನೋವು ವಿಚಾರಿಸಿ, ಆ ಎಫ್‌ಡಿಯ ದುಡ್ಡನ್ನು ವಿಮಾ ಪಾಲಿಸಿಗೆ ತಿರುಗಿಸಬೇಕು. ಎಪ್ಪತ್ತು ದಾಟಿದ ಅಜ್ಜಿಗೆ ಹತ್ತು ವರ್ಷದ ಪಾಲಿಸಿ. ಬೆಳಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಮೀಟಿಂಗು ಇರುತ್ತಿತ್ತು. ಇವತ್ತು ನಿಮ್ಮಿಂದ ಎಷ್ಟು ಎಂದು ಮೇಲಿನವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುವರು. ನನ್ನ ಹೆಸರು ಬರುವ ತನಕ ಉಸಿರು ಅರ್ಧಕ್ಕೇ ನಿಂತಿರುತ್ತಿತ್ತು. ಲಾಕರು, ಕಾರಿನ ಸಾಲ, ಚಿನ್ನದ ಸಾಲ ಎಂದು ಬೇರೆ ಏನಾದರೂ ಮಾರಿ ಹೇಗೋ ತಲೆ ಉಳಿಸಿಕೊಳ್ಳುತ್ತಿದ್ದೆ. ತಲೆ ಉಳಿಯುತ್ತಿತ್ತು, ಹೊಟ್ಟೆ ಕೆಡುತ್ತಿತ್ತು. ಡಾಕ್ಟರು ಆಸಿಡಿಟಿ ಅಂದರು, ಅತ್ತೆ ದೃಷ್ಟಿ ಅಂದರು. ಎರಡೂ ಅಲ್ಲ, ಅದು ಬರೀ ಭಯ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಬಿಟ್ಟುಬಿಡೋಣ ಎಂದರೆ ಮನೆ ನಿಂತಿದ್ದೇ ನನ್ನ ಸಂಬಳದ ಮೇಲೆ. ಗಂಡ ಶ್ರೀಕಂಠ ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಚರಿತ್ರೆಯ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಅತಿಥಿಯೇ, ವರ್ಷಕ್ಕೊಮ್ಮೆ ಹೊರಡಿ ಅನ್ನುತ್ತಾರೆ, ಮತ್ತೆ ಬನ್ನಿ ಅಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಿಯುಸಿ ಓದುವ ಮಗಳು, ಬಿಪಿ ಮಾತ್ರೆ ನುಂಗುವ ಅತ್ತೆ, ಬಾಡಿಗೆ ಮನೆ. ಹಾಗಾಗಿ ನಾನು ಹೊರಗೆ ಹೋಗುವ ದಾರಿಯನ್ನು ನಿಧಾನವಾಗಿ, ಯಾರಿಗೂ ಕೇಳದ ಹಾಗೆ ಕೊರೆಯುತ್ತಿದ್ದೆ. ಹನುಮಂತನಗರದಲ್ಲಿದ್ದ ಅಪ್ಪನ ಮನೆ ಮಾರಿದಾಗ ಬಂದ ಪಾಲು, ಅದರ ಮೇಲೆ ತಿಂಗಳು ತಿಂಗಳು ಉಳಿಸಿದ್ದು, ಎಲ್ಲವನ್ನೂ ವರ್ಷ ತಪ್ಪದೆ ಡಿವಿಡೆಂಡ್ ಕೊಡುವ ಹಳೆಯ ಕಂಪನಿಗಳ ಷೇರಿಗೆ ಹಾಕುತ್ತಾ ಬಂದೆ. ಕಂಪನಿ ತನ್ನ ಲಾಭದಲ್ಲಿ ನಮಗೆ ಹಂಚುವ ಪಾಲೇ ಡಿವಿಡೆಂಡು. ಷೇರು ಮಾರಬೇಕಿಲ್ಲ, ಅದು ಇದ್ದಲ್ಲೇ ಇರುತ್ತದೆ, ದುಡ್ಡು ಬ್ಯಾಂಕಿಗೆ ಬಂದು ಬೀಳುತ್ತದೆ. ಇದನ್ನು ಅತ್ತೆಗೆ ವಿವರಿಸಿದಾಗ ಅವರು ಪಕ್ಕದ ಮನೆಯವರ ಹತ್ತಿರ, ನಮಗೆ ಸ್ವಂತ ಮನೆ ಇಲ್ಲ, ಆದರೂ ಬಾಡಿಗೆ ಬರುತ್ತದಂತೆ ಎಂದು ನಕ್ಕಿದ್ದರು.

ಗುರಿ ಎಂದು ಒಂದಿತ್ತು. ತಿಂಗಳಿಗೆ ಇಪ್ಪತ್ತೈದು ಸಾವಿರ. ಬಾಡಿಗೆ, ಹಾಲು, ತರಕಾರಿ, ಕರೆಂಟು, ಮಾತ್ರೆ, ಇಷ್ಟಕ್ಕೆ ಎಷ್ಟು ಬೇಕೋ ಅಷ್ಟು, ಒಂದು ಸೀರೆಯೂ ಹೆಚ್ಚಲ್ಲ. ಅಷ್ಟು ಡಿವಿಡೆಂಡು ಬರುವ ವರ್ಷ ನಾನು ಕೆಲಸ ಬಿಡುತ್ತೇನೆ ಎಂದು ಶ್ರೀಕಂಠನಿಗೆ ಹೇಳಿದ್ದೆ. ಅವರ ಸಂಬಳ ಬಂದರೆ ಮಗಳ ಫೀಸಿಗೆ, ಬಾರದಿದ್ದರೆ ಆಮೇಲೆ ನೋಡೋಣ. ಈಗ ಯೋಚಿಸಿದರೆ ಅದು ಬಹಳ ತೆಳ್ಳನೆಯ ಲೆಕ್ಕ. ಆದರೆ ಉಸಿರು ಕಟ್ಟಿದವರಿಗೆ ಕಿಟಕಿ ಎಷ್ಟು ದೊಡ್ಡದು ಎಂಬ ಯೋಚನೆ ಇರುವುದಿಲ್ಲ, ತೆರೆದರೆ ಸಾಕು.

ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಮಾವನವರ ಕಾಲದಿಂದಲೂ ಮನೆಯ ಆದಾಯ, ಖರ್ಚನ್ನು ಯುಗಾದಿಯಿಂದ ಯುಗಾದಿಗೆ ಕೂಡುವುದು. ಹಬ್ಬದ ಸಂಜೆ ಅತ್ತೆ ಪಂಚಾಂಗ ಓದುತ್ತಾರೆ, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂದು. ಅದಾದ ಮೇಲೆ ಹಿಂದಿನ ಯುಗಾದಿಯಿಂದ ಆ ಹೊತ್ತಿನವರೆಗೆ ಮನೆಗೆ ಏನು ಬಂತು, ಏನು ಹೋಯಿತು ಎಂದು ಎಲ್ಲರೂ ಕೂತು ನೋಡುತ್ತೇವೆ. ಏಪ್ರಿಲ್ಲಿನಿಂದ ಮಾರ್ಚಿಗೆ ಲೆಕ್ಕ ಹಾಕುವುದು ಬ್ಯಾಂಕಿನವಳಾದ ನನಗೆ ಗೊತ್ತಿರಲಿಲ್ಲ ಎಂದಲ್ಲ. ಮಾರ್ಚ್ ಎಂದರೆ ನಮಗೆ ಮಾರಿ ಹಬ್ಬ. ಆ ತಿಂಗಳ ಹೆಸರು ಮನೆಯೊಳಗೆ ಬರುವುದೇ ನನಗೆ ಬೇಡವಾಗಿತ್ತು. ಯುಗಾದಿಯ ಲೆಕ್ಕದಲ್ಲಿ ಬೇವು ಬೆಲ್ಲದ ರುಚಿ ಇತ್ತು, ಅಷ್ಟಕ್ಕೇ ನನ್ನ ಡಿವಿಡೆಂಡನ್ನೂ ಅದರಲ್ಲೇ ಕೂಡುತ್ತಿದ್ದೆ.

ಆ ವರ್ಷದ ಯುಗಾದಿಯಂದು ನನ್ನ ರಾಶಿಗೆ ಆಯ ಜಾಸ್ತಿ, ವ್ಯಯ ಕಡಿಮೆ ಬಂತು. ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಈ ಸಲ ಸೊಸೆಯದೇ ಕಾರುಬಾರು ಅಂದರು. ಫೋನಿನಲ್ಲಿ ಬ್ಯಾಂಕಿನ ಮೆಸೇಜುಗಳನ್ನು ತೆಗೆದು ನಾನು ಓದುತ್ತಾ ಹೋದೆ, ಶ್ರೀಕಂಠ ಕೂಡುತ್ತಾ ಹೋದರು. ಮೂರು ಲಕ್ಷ ದಾಟಿತು. ಹನ್ನೆರಡರಿಂದ ಭಾಗಿಸಿದರೆ ಇಪ್ಪತ್ತೈದು ಸಾವಿರದ ಮೇಲೆ ಚಿಲ್ಲರೆ. ಹಿಂದಿನ ಯುಗಾದಿಯಲ್ಲಿ ಹದಿನೈದನ್ನೂ ಮುಟ್ಟಿರಲಿಲ್ಲ, ಒಂದೇ ವರ್ಷದಲ್ಲಿ ಇಷ್ಟು ಹೇಗೆ ಏರಿತು ಎಂದು ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅತ್ತೆ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದರು. ನನಗೆ ಖುಷಿಗಿಂತ ಮೊದಲು ಬಂದದ್ದು ಭಯ. ಇಷ್ಟು ದಿನ ಗುರಿ ಮುಟ್ಟಿಲ್ಲ ಎಂಬ ನೆಪವಿತ್ತು. ಈಗ ಬಿಡಬೇಕು, ನಿಜವಾಗಿಯೂ ಬಿಡಬೇಕು.

ಎರಡೂವರೆ ತಿಂಗಳು ಬಿಡಲಿಲ್ಲ. ದಿನಾ ಬೆಳಗ್ಗೆ ರಾಜೀನಾಮೆಯನ್ನು ಚೀಲದಲ್ಲಿಟ್ಟುಕೊಂಡು ಹೋಗುವುದು, ಸಂಜೆ ಹಾಗೇ ವಾಪಸು ತರುವುದು. ಮಡಿಕೆ ಬಿದ್ದಲ್ಲಿ ಹರಿಯಿತು, ಇನ್ನೊಂದು ಪ್ರತಿ ತೆಗೆದೆ. ಕೊನೆಗೆ ನನ್ನನ್ನು ದೂಡಿದ್ದು ಅತ್ತೆ. ಅಮಾವಾಸ್ಯೆ ಬರುತ್ತಿದೆ, ಅದು ಕಳೆದರೆ ಆಷಾಢ, ಆಷಾಢದಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುತ್ತಾರೆಯೇ, ಕೊಡುವುದಿದ್ದರೆ ಇವತ್ತೇ ಕೊಟ್ಟು ಬಾ, ಇಲ್ಲದಿದ್ದರೆ ಶ್ರಾವಣದ ತನಕ ಸುಮ್ಮನಿರು ಅಂದರು. ಶ್ರಾವಣದ ತನಕ ಎಂದರೆ ಇನ್ನೊಂದು ತಿಂಗಳು ಒಂಬತ್ತು ಗಂಟೆಯ ಫೋನು. ನಾನು ಆ ದಿನವೇ ಮ್ಯಾನೇಜರ್ ಪ್ರವೀಣನ ಮೇಜಿನ ಮೇಲೆ ಕಾಗದ ಇಟ್ಟು, ಅವನು ಓದುವ ಮೊದಲೇ ಹೊರಗೆ ಬಂದು ಬಾತ್‌ರೂಮಿನಲ್ಲಿ ನಿಂತು ಮುಖ ತೊಳೆದೆ. ಮೂರು ತಿಂಗಳ ನೋಟಿಸು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಾನು ಬಿಡುಗಡೆ.

ಆಷಾಢವಿಡೀ ಗಾಳಿ, ತುಂತುರು. ಗಾಂಧಿ ಬಜಾರಿನ ಹೂವಿನವರು ಬುಟ್ಟಿಗಳ ಮೇಲೆ ನೀಲಿ ಟಾರ್ಪಾಲು ಎಳೆದುಕೊಂಡು ಕೂತಿರುತ್ತಿದ್ದರು. ಬ್ಯಾಂಕಿನೊಳಗೆ ಒದ್ದೆ ಛತ್ರಿಗಳ ವಾಸನೆ. ಒಂಬತ್ತರ ಮೀಟಿಂಗಿನಲ್ಲಿ ನನ್ನ ಹೆಸರನ್ನು ಈಗ ಹಾರಿಸುತ್ತಿದ್ದರು. ಸತ್ತವರ ಹೆಸರನ್ನು ಹಾರಿಸಿದ ಹಾಗೆ ಅನ್ನಿಸಿ ಅದಕ್ಕೂ ಹೆದರಿಕೆಯಾಗುತ್ತಿತ್ತು. ಆದರೆ ನಡುನಡುವೆ ಫೋನಿಗೆ ಡಿವಿಡೆಂಡಿನ ಮೆಸೇಜು ಬರುತ್ತಿತ್ತು, ಒಂದು ಕಂಪನಿಯಿಂದ ನಾಲ್ಕು ಸಾವಿರ, ಇನ್ನೊಂದರಿಂದ ಒಂಬೈನೂರು. ಆಗೆಲ್ಲ ಒಂದು ಗಳಿಗೆ ಹೊಟ್ಟೆ ಸುಮ್ಮನಾಗುತ್ತಿತ್ತು. ನಾನು ಏನನ್ನೂ ಮಾರದೆ, ಯಾರನ್ನೂ ಒಪ್ಪಿಸದೆ ಬಂದ ದುಡ್ಡು ಎಂದು ಆ ಮೆಸೇಜನ್ನು ಎರಡೆರಡು ಸಲ ಓದುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆ ನೆಮ್ಮದಿಯೂ ಕೈಬಿಟ್ಟಿತು. ರಜೆ ಹಾಕಿದ್ದೆ. ಅಡುಗೆಮನೆಯಲ್ಲಿ ನಾನು ಒಬ್ಬಟ್ಟಿನ ಕಣಕ ನಾದುತ್ತಿದ್ದೆ, ಅತ್ತೆ ಬಾಗಿಲ ಬಳಿ ಕೂತು ಕಳಶಕ್ಕೆ ಉಡಿಸುವ ರವಿಕೆ ಕಣಕ್ಕೆ ನಿರಿಗೆ ಹಿಡಿಯುತ್ತಿದ್ದರು. ಹೊರಗೆ ಜೋರು ಮಳೆ. ಹಬ್ಬ ಇಷ್ಟು ಬೇಗ ಬಂದುಬಿಟ್ಟಿತು, ಹೋದ ಸಲ ಇನ್ನೂ ತಡವಾಗಿತ್ತಲ್ಲ ಎಂದು ನಾನು ಮಾತಿಗೆ ಅಂದೆ. ಅತ್ತೆ ತಲೆ ಎತ್ತದೆ ಹೇಳಿದರು:

“ಹೋದ ವರ್ಷ ಅಧಿಕ ಶ್ರಾವಣ ಬಂದಿತ್ತಲ್ಲೇ. ಮೂವತ್ಮೂರು ಕಜ್ಜಾಯ ಮಾಡಿ ದಾನ ಕೊಟ್ವಲ್ಲ, ನಿನ್ ಕೈಯೇ ಸುಟ್ಟಿತ್ತು. ಹದಿಮೂರು ತಿಂಗಳ ವರ್ಷ ಅದು, ಹಬ್ಬ ಎಲ್ಲ ಮುಂದಕ್ಕೆ ಹೋಗಿತ್ತು.”

ಕೈ ಕಣಕದೊಳಗೇ ನಿಂತಿತು. ಹದಿಮೂರು ತಿಂಗಳು. ನಾವು ಯುಗಾದಿಯಿಂದ ಯುಗಾದಿಗೆ ಕೂಡಿದ್ದು ಹನ್ನೆರಡು ತಿಂಗಳನ್ನಲ್ಲ. ಹಿಂದಿನ ಯುಗಾದಿ ಮಾರ್ಚಿನಲ್ಲೇ ಬಂದಿತ್ತು, ಅಧಿಕ ಮಾಸ ಎಳೆದದ್ದರಿಂದ ಈ ಯುಗಾದಿ ಏಪ್ರಿಲ್ಲಿಗೆ ಹೋಗಿತ್ತು. ನನ್ನ ಹತ್ತಿರ ಇದ್ದವುಗಳಲ್ಲೇ ದೊಡ್ಡ ಎರಡು ಕಂಪನಿಗಳು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯ ವಾರದಲ್ಲಿ ಡಿವಿಡೆಂಡ್ ಕೊಡುವಂಥವು. ಆ ಕೊನೆಯ ವಾರ ನಮ್ಮ ಒಂದೇ ‘ವರ್ಷ’ದೊಳಗೆ ಎರಡು ಸಲ ಬಂದಿತ್ತು. ವರ್ಷಕ್ಕೊಂದೇ ಸಲ ಬರುವ ದುಡ್ಡನ್ನು ನಾವು ಎರಡು ಸಲ ಕೂಡಿದ್ದೆವು.

ಕೈ ತೊಳೆದು ಫೋನು ತೆಗೆದೆ. ಕಣಕ ಬೆರಳ ಸಂದಿಯಲ್ಲಿ ಇನ್ನೂ ಅಂಟಿತ್ತು, ಪರದೆ ಮೇಲೆಲ್ಲ ಮೆತ್ತಿತು. ಮತ್ತೆ ಕೂಡಿದೆ, ಈ ಸಲ ಸರಿಯಾಗಿ. ತಿಂಗಳಿಗೆ ಹತ್ತೊಂಬತ್ತು ಸಾವಿರ ಚಿಲ್ಲರೆ. ಆರು ಸಾವಿರ ಇಲ್ಲ. ಆರು ಸಾವಿರ ಎಂದರೆ ಅತ್ತೆಯ ಮಾತ್ರೆ, ಹಾಲು, ತರಕಾರಿ. ಇಪ್ಪತ್ತೈದೇ ತೆಳುವಾದ ಲೆಕ್ಕ, ಅದರಲ್ಲೂ ತೂತು. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅತ್ತೆ ಏನಾಯಿತೇ ಅಂದರು. ಏನಿಲ್ಲ, ಖಾರದಪುಡಿ ಕಣ್ಣಿಗೆ ಹೋಯಿತು ಅಂದೆ. ಒಬ್ಬಟ್ಟು ಮಾಡುವ ಹೊತ್ತಿನಲ್ಲಿ ಖಾರದಪುಡಿ ಎಲ್ಲಿಂದ ಬರಬೇಕು.

ಹಬ್ಬದ ದಿನ ಲಕ್ಷ್ಮಿಯ ಮುಂದೆ ಕೂತು ನನಗೆ ಏನು ಬೇಡಬೇಕೋ ತೋಚಲಿಲ್ಲ. ಬಂದ ಮುತ್ತೈದೆಯರು ತಾಂಬೂಲ ತೆಗೆದುಕೊಂಡು, ಕೆಲಸ ಬಿಡ್ತಾ ಇದ್ದೀಯಂತೆ, ಪುಣ್ಯವಂತೆ ಕಣೇ ಎಂದು ಹೋದರು. ಆಮೇಲಿನ ದಿನಗಳಲ್ಲಿ ಭಯ ಮನೆಯ ಎಲ್ಲ ಕಡೆ ಕಾಣಿಸತೊಡಗಿತು. ಹಾಲಿನ ಪ್ಯಾಕೆಟ್ಟು ಕತ್ತರಿಸುವಾಗ, ಮಗಳು ಜೆರಾಕ್ಸಿಗೆ ದುಡ್ಡು ಕೇಳುವಾಗ, ಶ್ರೀಕಂಠ ಫೋನಿನಲ್ಲಿ ಕಾಲೇಜಿನವರ ಜೊತೆ ಮಾತಾಡುವಾಗ. ಆ ವರ್ಷ ಅವರಿಗೆ ಕಾಲೇಜಿನಿಂದ ಇನ್ನೂ ಆದೇಶ ಬಂದಿರಲಿಲ್ಲ. ಕಂಪನಿಗಳು ಮುಂದಿನ ವರ್ಷ ಡಿವಿಡೆಂಡೇ ಕೊಡದಿದ್ದರೆ ಎಂಬ ಹೊಸ ಭಯ ಬೇರೆ. ಅವು ನನ್ನ ಮಾವನ ಮಕ್ಕಳಲ್ಲ, ಕೊಡಲೇಬೇಕೆಂಬ ಹರಕೆ ಹೊತ್ತಿಲ್ಲ. ಇದು ಮೊದಲೂ ಗೊತ್ತಿದ್ದ ಮಾತೇ, ಆದರೆ ಸಂಬಳ ಇದ್ದಾಗ ಅದು ಪೇಪರಿನಲ್ಲಿ ಓದುವ ಸಂಗತಿಯಾಗಿತ್ತು.

ಗಣೇಶನ ಹಬ್ಬ ಮುಗಿದ ಮೇಲೆ ಒಂದು ಸಂಜೆ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಶ್ರೀಕಂಠನಿಗೆ ಹೇಳಿದೆ. ಬಂಡೆಗಳ ಮೇಲೆ ನೀರು ಇನ್ನೂ ಇಳಿಯುತ್ತಿತ್ತು, ಬೆಂಚು ಒದ್ದೆ, ನಿಂತೇ ಮಾತಾಡಿದೆವು. ಅವರು ಮೊದಲು ನಂಬಲಿಲ್ಲ, ಬೆರಳಲ್ಲಿ ತಿಂಗಳು ಎಣಿಸಿದರು. ಶಕ ವರ್ಷ, ಚಾಂದ್ರಮಾನ, ಸೌರಮಾನ ಅಂತ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವನು ನಾನು, ಕೂಡಿದ್ದೂ ನಾನೇ ಎಂದು ನಗಲು ಹೋದರು, ನಗು ಬರಲಿಲ್ಲ. ಅವರ ಮುಖ ಸಣ್ಣದಾದದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ.

“ವಾಪಸ್ ತಗೋ ಶೈಲಾ,” ಅಂದರು. “ನಂಗೆ ಹೇಳೋಕೆ ನಾಚಿಕೆ ಆಗತ್ತೆ. ಆದ್ರೂ ವಾಪಸ್ ತಗೊಂಡ್ಬಿಡು.”

ನನಗೂ ಅದೇ ಬೇಕಾಗಿತ್ತು, ಇನ್ನೊಬ್ಬರ ಬಾಯಿಂದ. ಮಾರನೇ ದಿನ ಪ್ರವೀಣನ ಗಾಜಿನ ಕೋಣೆಗೆ ಹೋದೆ. ಪ್ರವೀಣ ದಾವಣಗೆರೆ ಕಡೆಯ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ. ಅವನ ಮೇಜಿನ ಮೇಲೂ ನಾನು ನುಂಗುವಂಥದೇ ಆಸಿಡಿಟಿ ಮಾತ್ರೆಯ ಶೀಟು ಇರುತ್ತಿತ್ತು. ಗೃಹಸಾಲ, ಬಸುರಿ ಹೆಂಡತಿ. ವಾಪಸು ತೆಗೆದುಕೊಳ್ಳುವುದು ಆಗುತ್ತದೆ, ಮೇಲಿನವರ ಜೊತೆ ಮಾತಾಡುತ್ತೇನೆ ಎಂದು ಅವನು ಹೊರಗೆ ಹೋದ. ಮಧ್ಯಾಹ್ನ ಕರೆದು, ಒಪ್ಪಿದ್ದಾರೆ, ಆದರೆ ಸುಮ್ಮನೆ ಅಲ್ಲ ಅಂದ. ಸೆಪ್ಟೆಂಬರ್ ಮುಗಿಯುವುದರೊಳಗೆ ಶಾಖೆಯ ಗುರಿ ಮುಟ್ಟಬೇಕು, ಜಾನಕಮ್ಮನವರ ಎಫ್‌ಡಿ ಈ ವಾರ ಮುಗಿಯುತ್ತದೆ, ಅದನ್ನು ಪಾಲಿಸಿಗೆ ತಿರುಗಿಸಿದರೆ ನೀವು ಉಳಿಯುತ್ತೀರಿ.

ಜಾನಕಮ್ಮ ಎನ್.ಆರ್. ಕಾಲೋನಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಗಂಡನಿಲ್ಲ, ತಂಗಿಯ ಜೊತೆ ಇದ್ದರು. ಇದ್ದ ಒಂದೇ ದೊಡ್ಡ ಮೊತ್ತ ಆ ಎಫ್‌ಡಿ, ಅದರ ಬಡ್ಡಿಯಲ್ಲೇ ಇಬ್ಬರ ಜೀವನ. ಎಷ್ಟೋ ವರ್ಷದಿಂದ ನನ್ನ ಹತ್ತಿರವೇ ಬರುತ್ತಿದ್ದರು, ಬೇರೆ ಯಾರ ಮುಂದೆಯೂ ಕೂರುತ್ತಿರಲಿಲ್ಲ. ಅದೇ ಕಾರಣಕ್ಕೆ ಆ ಕೆಲಸ ನನ್ನಿಂದಲೇ ಆಗಬೇಕಿತ್ತು. ಈಗ ಪಕ್ಷಮಾಸ, ಅವರು ಹೊಸದಕ್ಕೆ ಸಹಿ ಹಾಕುವುದಿಲ್ಲ ಎಂದು ನಾನು ತಪ್ಪಿಸಿಕೊಳ್ಳಲು ನೋಡಿದೆ. ಪ್ರವೀಣ ಅದನ್ನೂ ಯೋಚಿಸಿಟ್ಟಿದ್ದ. ಅವನು ನನ್ನ ಮುಖ ನೋಡದೆ, ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಹೇಳಿದ:

“ಹಳೇದೇ ಮುಂದುವರೀತಿದೆ ಅಂದ್ಬಿಡಿ ಮೇಡಂ. ನಿಮ್ಮ ಮಾತು ನಂಬ್ತಾರೆ. ನಾನೂ ಮೇಲಕ್ಕೆ ಉತ್ತರ ಕೊಡ್ಬೇಕು.”

ಆ ಎರಡು ದಿನ ನಾನು ಹೇಗಿದ್ದೆ ಎಂದು ಸರಿಯಾಗಿ ನೆನಪಿಲ್ಲ. ಅತ್ತ ದರಿ, ಇತ್ತ ಪುಲಿ. ಎಲ್ಲರೂ ಮಾಡುತ್ತಿದ್ದಾರೆ ಎಂದುಕೊಂಡೆ. ಜಾನಕಮ್ಮನಿಗೆ ಒಂದು ವರ್ಷ ಕಳೆದ ಮೇಲಷ್ಟೇ ಗೊತ್ತಾಗುತ್ತದೆ, ಮತ್ತೆ ಕಂತು ಕಟ್ಟಿ ಎಂದು ಮೆಸೇಜು ಬಂದಾಗ. ಕಟ್ಟದಿದ್ದರೆ ಹಾಕಿದ್ದರಲ್ಲಿ ಬಹುಪಾಲು ಮುಳುಗುತ್ತದೆ. ಆ ಹೊತ್ತಿಗೆ ನಾನು ಇನ್ನೊಂದು ಶಾಖೆಯಲ್ಲಿ ಇರಬಹುದು. ಹೀಗೆ ಯೋಚಿಸುತ್ತಿರುವವಳು ನಾನೇನಾ ಎಂದು ಅದಕ್ಕೂ ಹೆದರಿಕೆ. ಅತ್ತೆಗೆ ಕೊನೆಗೂ ಎಲ್ಲ ಹೇಳಿದೆ, ಆರು ಸಾವಿರದ ತೂತು, ಪ್ರವೀಣನ ಮಾತು, ಎಲ್ಲ. ಅವರು ಬಯ್ಯುತ್ತಾರೆ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದೆ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಮಾತ್ರೆಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

“ಆಷಾಢಕ್ಕೆ ಹೆದರಿ ಕೊಟ್ಟೆ, ಈಗ ದುಡ್ಡಿಗೆ ಹೆದರಿ ವಾಪಸ್ ತಗೋತೀಯ,” ಅಂದರು. “ಹೆದರಿದ್ದು ಸಾಲ್ದೂ ಅಂತ ಆ ಮುದುಕೀನೂ ಒಪ್ಪಿಸ್ಬೇಕಾ? ನಂಗೊತ್ತಿಲ್ಲ ತಾಯಿ. ನೀನೇ ನೋಡು.”

ಜಾನಕಮ್ಮ ಗುರುವಾರ ಬಂದರು. ಜಿಟಿಜಿಟಿ ಮಳೆ. ಛತ್ರಿಯನ್ನು ಬಾಗಿಲಲ್ಲಿ ಕೊಡವಿ, ಮೂಲೆಯಲ್ಲಿ ಉಳಿದ ಛತ್ರಿಗಳ ಜೊತೆ ನಿಲ್ಲಿಸಿ, ನನ್ನ ಎದುರು ಕೂತರು. ಸೀರೆಯ ಅಂಚು ಒದ್ದೆ. ಮೊನ್ನೆ ತಾನೇ ಯಜಮಾನರ ತಿಥಿ ಮುಗಿಯಿತು, ಅಡುಗೆಯವರು ಕೈಕೊಟ್ಟರು, ತಂಗಿಯೇ ಎಲ್ಲ ಮಾಡಿದಳು ಎಂದು ಹೇಳಿಕೊಂಡರು. ಪ್ರವೀಣ ಮೊದಲೇ ತುಂಬಿಸಿಟ್ಟಿದ್ದ ಅರ್ಜಿ ನನ್ನ ಮುಂದಿತ್ತು, ಸಹಿ ಮಾಡುವ ಕಡೆಗಳಿಗೆ ಪೆನ್ಸಿಲಿನ ಗುರುತು. ಗಾಜಿನ ಆಚೆ ಅವನು ಕಂಪ್ಯೂಟರು ನೋಡುವವನ ಹಾಗೆ ಕೂತು ನಮ್ಮನ್ನೇ ನೋಡುತ್ತಿದ್ದ. ನಾನು ಅರ್ಜಿಯನ್ನು ಅವರ ಕಡೆಗೆ ಸರಿಸಿದೆ. ಹೌದು, ಸರಿಸಿದೆ. ಜಾನಕಮ್ಮ ಚೀಲದಿಂದ ತಮ್ಮದೇ ಪೆನ್ನು ತೆಗೆದರು. ಬ್ಯಾಂಕಿನ ಪೆನ್ನು ಅವರಿಗೆ ಆಗುತ್ತಿರಲಿಲ್ಲ. ಮುಚ್ಚಳ ತೆಗೆದವರು ಕೈ ತಡೆದು ನನ್ನನ್ನು ನೋಡಿದರು.

“ಪಕ್ಷಮಾಸ ನೋಡು, ಹೊಸದೇನೂ ಮಾಡ್ಬಾರ್ದು. ಇದು ಹಳೇದೇ ತಾನೆ ಶೈಲಾ?”

ಹೂಂ ಎಂದರೆ ಮುಗಿಯಿತು. ಅರ್ಧ ಅಕ್ಷರ, ಬಾಯಿ ತೆರೆಯುವುದೂ ಬೇಡ. ನನಗೆ ಹಾಲಿನ ಪ್ಯಾಕೆಟ್ಟು ಕಂಡಿತು, ಬ್ಯೂಗಲ್ ರಾಕಿನಲ್ಲಿ ಶ್ರೀಕಂಠನ ಸಣ್ಣಗಾದ ಮುಖ ಕಂಡಿತು. ಮೂಲೆಯಿಂದ ಆ ಒದ್ದೆ ವಾಸನೆ ಬಂತು. ಧೈರ್ಯ ಎಂಬುದು ಆಗ ನನ್ನ ಹತ್ತಿರ ಒಂದು ಚೂರೂ ಇರಲಿಲ್ಲ, ಇತ್ತು ಎಂದರೆ ಸುಳ್ಳಾಗುತ್ತದೆ. ಇದ್ದದ್ದು ಹತ್ತೊಂಬತ್ತು ಸಾವಿರ. ಇಪ್ಪತ್ತೈದಲ್ಲ, ಆದರೆ ಸೊನ್ನೆಯೂ ಅಲ್ಲ. ನಾಳೆ ಬಾಡಿಗೆ ಕಟ್ಟಬಹುದು, ನಾಡಿದ್ದು ಅಕ್ಕಿ ತರಬಹುದು, ಅದರಾಚೆ ಏನೆಂದು ಗೊತ್ತಿಲ್ಲ. ಸೊನ್ನೆಯಾಗಿದ್ದರೆ ನಾನು ಹೂಂ ಅನ್ನುತ್ತಿದ್ದೆ ಎಂದು ಇವತ್ತಿಗೂ ಅನ್ನಿಸುತ್ತದೆ.

“ಹೊಸದು ಅಮ್ಮ,” ಅಂದೆ. ದನಿ ನನ್ನದಲ್ಲದ ಹಾಗೆ ಬಂತು. “ಇದು ಹೊಸದು. ನಿಮ್ಮ ಹಳೇದು ಬೇರೆ ಇದೆ, ಅದನ್ನೇ ಮಾಡ್ಕೊಡ್ತೀನಿ.”

ಅವರು ಪೆನ್ನಿಗೆ ಮುಚ್ಚಳ ಹಾಕಿದರು, ಅಷ್ಟೆ. ಯಾವ ಸಂಶಯವೂ ಇಲ್ಲದೆ, ಹಾಗಾದರೆ ಹಳೇದೇ ಮಾಡಮ್ಮ ಅಂದರು. ನಾನು ಎದ್ದು ಎಫ್‌ಡಿ ಮುಂದುವರಿಸುವ ಅರ್ಜಿ ತಂದು ತುಂಬಿಸಿದೆ. ಕೈ ಎಷ್ಟು ನಡುಗುತ್ತಿತ್ತು ಎಂದರೆ ಅವರ ಹೆಸರನ್ನೇ ತಪ್ಪಾಗಿ ಬರೆದು ಇನ್ನೊಂದು ಅರ್ಜಿ ತರಬೇಕಾಯಿತು. ಮಳೆಯಲ್ಲಿ ನೆನೆದು ಬಂದೆಯಾ, ಶುಂಠಿ ಕಷಾಯ ಕುಡಿ ಅಂದರು ಜಾನಕಮ್ಮ. ಅವರು ಹೋದ ಮೇಲೆ ಪ್ರವೀಣ ಹೊರಗೆ ಬಂದ. ಕೂಗಾಡುತ್ತಾನೆ ಅಂದುಕೊಂಡೆ. ಅವನು ಆ ತುಂಬಿಸಿದ ಅರ್ಜಿಯನ್ನು ಎತ್ತಿಕೊಂಡು, ಸೋಮವಾರ ನಿಮ್ಮ ಕೊನೇ ದಿನ ಅಂತ ಬರೀತೀನಿ ಮೇಡಂ, ಬೇಗ ಬಿಡಿಸ್ತೀನಿ ಎಂದಷ್ಟೇ ಹೇಳಿದ. ನನ್ನ ಮೇಲೆ ಸಿಟ್ಟೋ, ನನ್ನನ್ನು ಕಂಡು ಹೊಟ್ಟೆಕಿಚ್ಚೋ, ಅವನ ಮುಖ ನೋಡಿ ಗೊತ್ತಾಗಲಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ಶ್ರೀಕಂಠ ತಲೆ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಎದ್ದು ತಾವೇ ಕಾಫಿ ಮಾಡಿದರು, ಡಿಕಾಕ್ಷನ್ ನೀರಾಗಿತ್ತು, ಆದರೂ ಎಲ್ಲರೂ ಕುಡಿದೆವು. ನನ್ನ ಭಯ ಪಕ್ಷಮಾಸ ಮುಗಿದ ಮೇಲೂ ಮುಗಿಯಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆದರೆ ಹೊಸದಕ್ಕೆ ಅಡ್ಡಿಯಿಲ್ಲವಲ್ಲ, ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಅದೇ ಪಾಲಿಸಿಯನ್ನು ಜಾನಕಮ್ಮನ ಮುಂದಿಟ್ಟರೆ? ಆಯುಧಪೂಜೆಯ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಬೂದುಗುಂಬಳ ಆರಿಸುತ್ತಿದ್ದ ಅವರೇ ಸಿಕ್ಕಿದರು. ಬ್ಯಾಂಕಿನ ಹೊಸ ಹುಡುಗಿಯೊಬ್ಬಳು ಮನೆಗೇ ಬಂದಿದ್ದಳಂತೆ. ನಮ್ಮ ಶೈಲಾ ಯಾಕೆ ಬಿಟ್ಟಳು ಹೇಳು, ಆಮೇಲೆ ನೋಡೋಣ ಎಂದು ಇವರು ಕೇಳಿದರಂತೆ. ಆ ಹುಡುಗಿ ನೀರು ಕುಡಿದು ಎದ್ದುಹೋದಳಂತೆ. ಪಾಪ, ಅವಳ ಮುಖ ಬಾಡಿತ್ತು, ಒಬ್ಬಟ್ಟಾದರೂ ಕೊಟ್ಟು ಕಳಿಸಬೇಕಿತ್ತು ಎಂದು ಜಾನಕಮ್ಮ ನೊಂದುಕೊಂಡರು.

ಆರು ಸಾವಿರದ ತೂತನ್ನು ಹಾಗೂ ಹೀಗೂ ತೇಪೆ ಹಾಕಿ ಮುಚ್ಚುತ್ತಿದ್ದೇವೆ. ಬಸವನಗುಡಿಯ ಮನೆ ಬಿಟ್ಟು ಹನುಮಂತನಗರದಲ್ಲಿ ಮೂರನೇ ಮಹಡಿಗೆ ಬಂದೆವು, ಬಾಡಿಗೆ ಕಮ್ಮಿ, ಮೆಟ್ಟಿಲು ಜಾಸ್ತಿ. ಶ್ರೀಕಂಠನಿಗೆ ಆ ವರ್ಷ ಆದೇಶ ತಡವಾಗಿ ಬಂತು, ಬಂತಲ್ಲ. ನಾನು ವಾರದಲ್ಲಿ ಮೂರು ಬೆಳಗ್ಗೆ ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಹೋಗುತ್ತೇನೆ, ಮೊದಲು ಹೇಳಿದ ಆ ಹಲ್ಲಿನ ಕ್ಲಿನಿಕ್ಕಿಗೆ. ಅಲ್ಲಿ ಮುಂದಿನ ಮೇಜು ನನ್ನದು. ಫೋನು ಎತ್ತುವುದು, ಬಂದವರ ಹೆಸರು ಬರೆದುಕೊಳ್ಳುವುದು, ಒದ್ದೆ ಛತ್ರಿಗಳನ್ನು ಮೂಲೆಯಲ್ಲಿ ನಿಲ್ಲಿಸುವುದು. ಡಿವಿಡೆಂಡು ಬರುತ್ತದೆ, ಒಂದು ಕಂಪನಿ ಹೋದ ವರ್ಷ ಕಡಿಮೆ ಕೊಟ್ಟಿತು, ಇನ್ನೊಂದು ಜಾಸ್ತಿ ಕೊಟ್ಟಿತು. ಗುರಿ ಇಪ್ಪತ್ತೈದೇ. ಇನ್ನೂ ಮುಟ್ಟಿಲ್ಲ.

ಈ ವರ್ಷ ಮತ್ತೆ ಅಧಿಕ ಮಾಸ. ಯುಗಾದಿಯ ಸಂಜೆ ಪಂಚಾಂಗ ತೆಗೆದ ಅತ್ತೆ ರಾಶಿ, ಆಯ, ವ್ಯಯ ಯಾವುದನ್ನೂ ಓದದೆ ಮೊದಲು ಅದನ್ನೇ ಹುಡುಕಿದರು. ಅಧಿಕ ಜ್ಯೇಷ್ಠ ಎಂದು ಬೆರಳಿಟ್ಟು ತೋರಿಸಿ, ಹನ್ನೆರಡು ತಿಂಗಳ ದುಡ್ಡಲ್ಲಿ ಹದಿಮೂರು ತಿಂಗಳು ಉಣ್ಣಬೇಕು ಕಣೇ, ಈಗಲೇ ಹೇಳಿದ್ದೀನಿ ಅಂದರು. ಎಲ್ಲರೂ ನಕ್ಕೆವು.

ಮೊನ್ನೆ ಕ್ಲಿನಿಕ್ಕಿನಲ್ಲಿ ಆ ವಾಸನೆ ಬಡಿದು ಅಂಗೈ ತಣ್ಣಗಾದಾಗಲೇ ಫೋನು ಹೊಡೆದುಕೊಂಡಿತು. ಗಡಿಯಾರ ನೋಡಿದೆ, ಒಂಬತ್ತು. ಈಗಲೂ ಆ ಹೊತ್ತಿಗೆ ಫೋನು ಬಂದರೆ ನನ್ನ ಹೆಸರು ಕೂಗುತ್ತಾರೆ ಅನ್ನಿಸುತ್ತದೆ, ಎತ್ತುವ ಮೊದಲು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತೇನೆ. ಆ ಕಡೆ ಯಾರೋ ವಯಸ್ಸಾದ ಹೆಂಗಸು. ಡಾಕ್ಟರು ಹೇಳಿದ್ದಾರೆ, ಹಲ್ಲು ಕೀಳಿಸಿ ಹೊಸದು ಕೂರಿಸಬೇಕಂತೆ, ನೋವೇನೂ ಇಲ್ಲ, ಈಗಲೇ ಮಾಡಿಸಲೇಬೇಕಾ ಅಮ್ಮ ಎಂದು ಕೇಳಿದರು. ಡಾಕ್ಟರು ಒಳಗಿದ್ದರು, ಬಾಗಿಲು ತೆರೆದಿತ್ತು. ನೋವಿಲ್ಲದಿದ್ದರೆ ಅವಸರವಿಲ್ಲ, ಇನ್ನೊಬ್ಬರ ಹತ್ತಿರವೂ ಒಮ್ಮೆ ತೋರಿಸಿ ಬನ್ನಿ ಅಂದೆ. ಫೋನಿಟ್ಟ ಮೇಲೂ ಕೈ ನಡುಗುತ್ತಲೇ ಇತ್ತು. ನಡುಗಲಿ ಎಂದು ಬಿಟ್ಟು, ಎದ್ದುಹೋಗಿ ಛತ್ರಿಗಳನ್ನು ಬಾಗಿಲಾಚೆ ಗಾಳಿಗೆ ಬಿಚ್ಚಿಟ್ಟೆ.